ಬೆನೆಲಾಂಗ್: ಒಂದು ಉಪನಗರ ಮತಕ್ಷೇತ್ರದ ಚರಿತ್ರೆ

ಮತಕ್ಷೇತ್ರವೊಂದರ ಚರಿತ್ರೆಯನ್ನು ಗೆದ್ದವರ ಮತ್ತು ಸೋತವರ ಪಟ್ಟಿಯಾಗಿ ಬರೆಯುವುದು ರೂಢಿ. ಅಂತಹ ಪಟ್ಟಿಯಲ್ಲಿ ವರ್ಷ, ಪಕ್ಷ ಮತ್ತು ಮತಗಳ ಅಂತರ ಉಳಿಯುತ್ತವೆ. ಆ ಮತವನ್ನು ಹಾಕಿದವರು ಯಾರು, ಹಾಕಲಾಗದೆ ಹೊರಗುಳಿದವರು ಯಾರು ಎಂಬುದು ಮರೆಯಾಗುತ್ತದೆ. ಆಸ್ಟ್ರೇಲಿಯಾದ ಸಿಡ್ನಿ ನಗರದ ವಾಯುವ್ಯ ಬಡಾವಣೆಗಳನ್ನು ಒಳಗೊಂಡ ಬೆನೆಲಾಂಗ್ ಕ್ಷೇತ್ರದ ವಿಷಯದಲ್ಲಿ ಪಟ್ಟಿ ತೀರ ಚಿಕ್ಕದು. 1949ರಿಂದ ಇಂದಿನವರೆಗೆ ಅದು ಕ್ಯಾನ್‌ಬೆರಾದ ಸಂಸತ್ತಿಗೆ ಕಳುಹಿಸಿದ್ದು ಐವರನ್ನು ಮಾತ್ರ. ಆ ಐವರಲ್ಲಿ ಒಬ್ಬರು ಹನ್ನೊಂದು ವರ್ಷಕ್ಕೂ ಮಿಕ್ಕಿ ದೇಶದ ಪ್ರಧಾನಿಯಾಗಿದ್ದು, ಅಧಿಕಾರದಲ್ಲಿರುವಾಗಲೇ ಸ್ವಕ್ಷೇತ್ರದಲ್ಲಿ ಸೋತವರು. ಈ ಸೋಲಿನಿಂದಾಗಿಯೇ ಕ್ಷೇತ್ರದ ಹೆಸರು ಆಸ್ಟ್ರೇಲಿಯಾದ ಹೊರಗೂ ಪರಿಚಿತವಾಯಿತು. ಆದರೆ ಕ್ಷೇತ್ರದ ಚರಿತ್ರೆಯ ನಿಜವಾದ ಎಳೆ ಸೋಲು ಗೆಲುವುಗಳಿಗಿಂತ ಹಿಂದಿನದು. ಲೆಕ್ಕಕ್ಕೆ ಬರುವವರು ಯಾರು ಎಂಬ ಪ್ರಶ್ನೆಯೇ ಆ ಎಳೆ.

ಭಾರತದ ಲೋಕಸಭಾ ಕ್ಷೇತ್ರಗಳು ಸಾಮಾನ್ಯವಾಗಿ ಊರು ಅಥವಾ ಜಿಲ್ಲೆಯ ಹೆಸರನ್ನು ಹೊತ್ತಿರುತ್ತವೆ. ಆಸ್ಟ್ರೇಲಿಯಾದಲ್ಲಿ ಬಹುಪಾಲು ಕ್ಷೇತ್ರಗಳಿಗೆ ಗತಿಸಿದ ಗಣ್ಯರ ಹೆಸರನ್ನಿಡುವ ಸಂಪ್ರದಾಯವಿದೆ. ಗವರ್ನರುಗಳು, ಪ್ರಧಾನಿಗಳು, ಅನ್ವೇಷಕರು, ಲೇಖಕರು ಹೀಗೆ ನಕ್ಷೆಯ ಮೇಲೆ ಉಳಿದುಕೊಂಡಿದ್ದಾರೆ. ಈ ನಾಮಾವಳಿಯ ನಡುವೆ ಸೇರಿಕೊಂಡ ಮೂಲನಿವಾಸಿ ವ್ಯಕ್ತಿನಾಮ ಬೆನೆಲಾಂಗನದು.

ವೂಲರವಾರೆ ಬೆನೆಲಾಂಗ್ ಸಿಡ್ನಿ ಕೊಲ್ಲಿಯ ಆಸುಪಾಸಿನ ಇಯೋರಾ ಜನರಲ್ಲಿ ವಾಂಗಲ್ ಕುಲಕ್ಕೆ ಸೇರಿದವನು. 1788ರ ಜನವರಿಯಲ್ಲಿ ಬ್ರಿಟಿಷರ ಮೊದಲ ಹಡಗುಪಡೆ ಬಂದು ಅಲ್ಲಿ ಅಪರಾಧಿಗಳ ವಸಾಹತನ್ನು ಸ್ಥಾಪಿಸಿತು. ಮರುವರ್ಷ ಸಿಡುಬು ಹರಡಿ ಸ್ಥಳೀಯ ಜನರ ಬಹುದೊಡ್ಡ ಪಾಲು ನಾಶವಾಯಿತು. ತನ್ನವರಲ್ಲಿ ಅರ್ಧದಷ್ಟು ಮಂದಿ ಸತ್ತರೆಂದು ಬೆನೆಲಾಂಗನೇ ಹೇಳಿದ್ದನ್ನು ಗವರ್ನರ್ ಆರ್ಥರ್ ಫಿಲಿಪ್ ದಾಖಲಿಸಿದ್ದಾನೆ. ಸ್ಥಳೀಯರ ಭಾಷೆ ಮತ್ತು ರೀತಿನೀತಿಗಳನ್ನು ಅರಿಯಲು ಮಧ್ಯವರ್ತಿಯೊಬ್ಬ ಬೇಕೆಂದು ಬಯಸಿದ ಫಿಲಿಪ್, 1789ರ ನವೆಂಬರ್ 25ರಂದು ಮ್ಯಾನ್ಲಿಯ ಕಡಲತೀರದಲ್ಲಿ ಬೆನೆಲಾಂಗ್ ಮತ್ತು ಕೋಲ್ಬಿ ಎಂಬಿಬ್ಬರನ್ನು ಬಲಾತ್ಕಾರವಾಗಿ ಹಿಡಿಸಿದನು. ಕೋಲ್ಬಿ ಬೇಗನೆ ತಪ್ಪಿಸಿಕೊಂಡನು. ಬೆನೆಲಾಂಗ್ ಕೆಲವು ತಿಂಗಳು ಸಂಕೋಲೆಯಲ್ಲಿದ್ದು ಇಂಗ್ಲಿಷ್ ಕಲಿತು, 1790ರ ಮೇ ತಿಂಗಳಲ್ಲಿ ಪರಾರಿಯಾದನು. ಅದೇ ವರ್ಷ ಮ್ಯಾನ್ಲಿಯಲ್ಲಿ ಫಿಲಿಪನ ಮೇಲೆ ಈಟಿಯ ಏಟು ಬಿದ್ದ ಮೇಲೆ ಎರಡು ಕಡೆಯವರ ನಡುವೆ ಒಂದು ಬಗೆಯ ಸಂಧಾನ ಏರ್ಪಟ್ಟಿತು. ಈಗ ಒಪೆರಾ ಹೌಸ್ ನಿಂತಿರುವ ಭೂಶಿರದಲ್ಲಿ ಬೆನೆಲಾಂಗನಿಗಾಗಿ ಪುಟ್ಟ ಇಟ್ಟಿಗೆಯ ಮನೆಯೊಂದನ್ನು ಕಟ್ಟಲಾಯಿತು. ಆ ತಾಣ ಇಂದಿಗೂ ಬೆನೆಲಾಂಗ್ ಪಾಯಿಂಟ್. ವಿಚಿತ್ರವೆಂದರೆ ಆ ಪ್ರಸಿದ್ಧ ಭೂಶಿರ ಬೆನೆಲಾಂಗ್ ಕ್ಷೇತ್ರದಲ್ಲಿಲ್ಲ. ಅದು ಸಿಡ್ನಿ ಎಂಬ ಬೇರೊಂದು ಕ್ಷೇತ್ರಕ್ಕೆ ಸೇರಿದೆ. ಕ್ಷೇತ್ರದೊಳಗೆ ಇರುವುದು ಆತನ ಸಮಾಧಿ.

1792ರ ಡಿಸೆಂಬರಿನಲ್ಲಿ ಫಿಲಿಪನೊಂದಿಗೆ ಇಂಗ್ಲೆಂಡಿಗೆ ಹೊರಟ ಬೆನೆಲಾಂಗ್ 1795ರಲ್ಲಿ ಹಿಂದಿರುಗಿದನು. ಜೊತೆಗೆ ಹೋಗಿದ್ದ ಯೆಮ್ಮರವಾನಿ ಎಂಬ ತರುಣ ಅಲ್ಲಿಯೇ ತೀರಿಕೊಂಡನು. ಮರಳಿದ ಮರುವರ್ಷ, 1796ರಲ್ಲಿ, ಬೆನೆಲಾಂಗ್ ಇಂಗ್ಲೆಂಡಿನ ಪರಿಚಿತರೊಬ್ಬರಿಗೆ ಪತ್ರವೊಂದನ್ನು ಹೇಳಿ ಬರೆಸಿದನು. ಕಾಯಿಲೆಯಲ್ಲಿ ತನ್ನನ್ನು ಉಪಚರಿಸಿದವರಿಗೆ ಕೃತಜ್ಞತೆ ಹೇಳಿ, ಕಾಲುಚೀಲ, ಕರವಸ್ತ್ರ, ಪಾದರಕ್ಷೆಗಳನ್ನು ಕಳುಹಿಸುವಂತೆ ಕೋರುವ ಆ ಚಿಕ್ಕ ಪತ್ರ ಪ್ರತಿಯೊಂದರ ಮೂಲಕ ಉಳಿದುಬಂದಿದೆ. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬನ ಮೊತ್ತಮೊದಲ ಇಂಗ್ಲಿಷ್ ಪಠ್ಯವೆಂದು ಸಾಹಿತ್ಯ ಚರಿತ್ರಕಾರರು ಅದನ್ನು ಪರಿಗಣಿಸುತ್ತಾರೆ. 1813ರ ಜನವರಿ 3ರಂದು ಬೆನೆಲಾಂಗ್ ಪ್ಯಾರಾಮ್ಯಾಟಾ ನದಿಯ ಉತ್ತರ ದಡದ ಕಿಸ್ಸಿಂಗ್ ಪಾಯಿಂಟಿನಲ್ಲಿ ನಿಧನನಾದನು. ಶಿಕ್ಷೆಗೊಳಗಾಗಿ ಬಂದು ಮುಂದೆ ಬಿಯರ್ ತಯಾರಕನಾಗಿ ಹೆಸರಾದ ಜೇಮ್ಸ್ ಸ್ಕ್ವಯರನ ಹಣ್ಣಿನ ತೋಟದಲ್ಲಿ ಆತನನ್ನು ಸಮಾಧಿ ಮಾಡಲಾಯಿತು. ಆ ತೋಟವೇ ಇಂದಿನ ಪಟ್ನಿ ಬಡಾವಣೆ.

ಅಂದಿನ ಸಿಡ್ನಿ ಗೆಜೆಟ್ ಪತ್ರಿಕೆ ಬರೆದ ನಿಧನವಾರ್ತೆ, ಎಷ್ಟೇ ಸಂಸ್ಕಾರ ದೊರೆತರೂ ಪಳಗದೆ ಕುಡಿತಕ್ಕೆ ಬಲಿಯಾದ ಕಾಡುಮನುಷ್ಯನಂತೆ ಆತನನ್ನು ಚಿತ್ರಿಸಿತು. ಈ ಚಿತ್ರ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಇತಿಹಾಸ ಗ್ರಂಥಗಳಲ್ಲಿ ಬಾಳಿತು. ಕೀತ್ ವಿನ್ಸೆಂಟ್ ಸ್ಮಿತ್, ಕೇಟ್ ಫುಲ್ಲಾಗರ್ ಮೊದಲಾದ ಈಚಿನ ವಿದ್ವಾಂಸರು ಇದನ್ನು ಬುಡಸಮೇತ ಪರಿಶೀಲಿಸಿದ್ದಾರೆ. ಅವರ ಪ್ರಕಾರ ಬೆನೆಲಾಂಗ್ ಎರಡು ಲೋಕಗಳ ನಡುವೆ ಸಿಕ್ಕಿ ನಾಶವಾದವನಲ್ಲ. ಬಿಳಿಯರ ಲೋಕವನ್ನು ಕಂಡು, ಅದನ್ನು ಬಿಟ್ಟು, ತನ್ನವರ ನಡುವೆ ಹಿರಿಯನಾಗಿ ಬಾಳುವುದನ್ನು ತಾನಾಗಿ ಆರಿಸಿಕೊಂಡವನು. 1941ರಲ್ಲಿ ಎಲೀನರ್ ಡಾರ್ಕ್ ಪ್ರಕಟಿಸಿದ ‘ದಿ ಟೈಮ್‌ಲೆಸ್ ಲ್ಯಾಂಡ್’ ಎಂಬ ಐತಿಹಾಸಿಕ ಕಾದಂಬರಿಯಲ್ಲಿ ಆತ ಪ್ರಮುಖ ಪಾತ್ರವಾಗಿ ಬಂದನು. ಅದಾದ ಎಂಟು ವರ್ಷಕ್ಕೆ ಮತಕ್ಷೇತ್ರದ ನಕ್ಷೆಯಲ್ಲಿಯೂ ಆತನ ಹೆಸರು ಮೂಡಿತು.

ಎರಡನೆಯ ಮಹಾಯುದ್ಧದ ತರುವಾಯ ಆಸ್ಟ್ರೇಲಿಯಾ ತನ್ನ ಸಂಸತ್ತನ್ನು ಹಿಗ್ಗಿಸಿತು. ಪ್ರತಿನಿಧಿ ಸಭೆಯ ಸದಸ್ಯಬಲ 75ರಿಂದ 123ಕ್ಕೆ ಏರಿತು. ಹೊಸದಾಗಿ ರಚಿತವಾದ ಕ್ಷೇತ್ರಗಳಲ್ಲಿ ಬೆನೆಲಾಂಗ್ ಒಂದು. ಪ್ಯಾರಾಮ್ಯಾಟಾ ಮತ್ತು ಲೇನ್ ಕೋವ್ ನದಿಗಳ ನಡುವಣ ಈ ನಾಡು ಹತ್ತೊಂಬತ್ತನೆಯ ಶತಮಾನದಲ್ಲಿ ಹಣ್ಣಿನ ತೋಟಗಳಿಗೆ ಹೆಸರಾಗಿತ್ತು. ಜಗತ್ತಿನಾದ್ಯಂತ ಮಾರಾಟವಾಗುವ ಗ್ರಾನಿ ಸ್ಮಿತ್ ಎಂಬ ಹಸಿರು ಸೇಬು ಹುಟ್ಟಿದ್ದು ಇಲ್ಲಿನ ಈಸ್ಟ್‌ವುಡ್‌ನ ಮರಿಯಾ ಆನ್ ಸ್ಮಿತ್ ಎಂಬ ಅಜ್ಜಿಯ ತೋಟದಲ್ಲಿ. 1886ರಲ್ಲಿ ಸ್ಟ್ರಾತ್‌ಫೀಲ್ಡಿನಿಂದ ಹಾರ್ನ್ಸ್‌ಬಿಯವರೆಗಿನ ರೈಲುಮಾರ್ಗ ತೆರೆದ ಮೇಲೆ ತೋಟಗಳು ನಿವೇಶನಗಳಾಗತೊಡಗಿದವು. 1964ರಲ್ಲಿ ಗ್ಲೇಡ್ಸ್‌ವಿಲ್ ಬಳಿ ನದಿಗೆ ಅಡ್ಡಲಾಗಿ 305 ಮೀಟರ್ ಹರವಿನ ಕಾಂಕ್ರೀಟ್ ಕಮಾನು ಸೇತುವೆ ನಿಂತಿತು. ಆ ಬಗೆಯದರಲ್ಲಿ ಅಂದಿಗೆ ಜಗತ್ತಿಗೇ ದೊಡ್ಡದು. ಅದೇ ವರ್ಷ ಮೆಕ್ವಾರಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಸ್ವಂತ ಮನೆ, ಮನೆಯ ಹಿಂದೆ ಹಿತ್ತಲು, ನಗರಕ್ಕೆ ದಿನಾ ಹೋಗಿಬರುವ ಉದ್ಯೋಗ ಇವು ಇಲ್ಲಿನ ಮಧ್ಯಮವರ್ಗದ ಬದುಕಿನ ಅಂಗಗಳಾದವು.

ಇಂತಹ ನೆಲ ಲಿಬರಲ್ ಪಕ್ಷಕ್ಕೆ ಹದವಾಗಿತ್ತು. ಹೆಸರು ಲಿಬರಲ್ ಆದರೂ ಆಸ್ಟ್ರೇಲಿಯಾದಲ್ಲಿ ಅದು ಸಂಪ್ರದಾಯನಿಷ್ಠರ ಪಕ್ಷವೆಂಬುದು ಗಮನದಲ್ಲಿರಬೇಕು. 1949ರ ಡಿಸೆಂಬರ್ 10ರ ಚುನಾವಣೆಯಲ್ಲಿ ರಾಬರ್ಟ್ ಮೆಂಜಿಸ್ ಅವರ ನೇತೃತ್ವದಲ್ಲಿ ಆ ಪಕ್ಷ ಅಧಿಕಾರಕ್ಕೆ ಬಂದಾಗ ಬೆನೆಲಾಂಗಿನಿಂದ ಗೆದ್ದವರು ಜಾನ್ ಕ್ರೇಮರ್. ನಿವೇಶನ ವ್ಯವಹಾರದಲ್ಲಿದ್ದ ಅವರು ನಾರ್ತ್ ಸಿಡ್ನಿಯ ಮೇಯರ್ ಆಗಿದ್ದವರು. 1956ರಿಂದ 1963ರವರೆಗೆ ಭೂಸೇನೆಯ ಸಚಿವರು. ಪ್ರಾಟೆಸ್ಟೆಂಟರೇ ತುಂಬಿದ್ದ ಅಂದಿನ ಲಿಬರಲ್ ವಲಯದಲ್ಲಿ ಅವರು ಕ್ಯಾಥೊಲಿಕ್ ಆಗಿದ್ದುದು ವಿಶೇಷ. 78ನೆಯ ವಯಸ್ಸಿನಲ್ಲಿ, 1974ರಲ್ಲಿ, ಅವರು ನಿವೃತ್ತರಾದಾಗ ಆ ಸ್ಥಾನಕ್ಕೆ ಬಂದವರು 34 ವರ್ಷದ ವಕೀಲ ಜಾನ್ ಹೋವರ್ಡ್. ಇವರಿಬ್ಬರೇ 58 ವರ್ಷ ಈ ಕ್ಷೇತ್ರವನ್ನು ಪ್ರತಿನಿಧಿಸಿದರು.

ಈ ದೀರ್ಘ ಸ್ಥಿರತೆಯ ಅಡಿಯಲ್ಲಿ ಒಂದು ಹಳೆಯ ಕಾನೂನಿನ ನೆರಳಿತ್ತು. 1901ರಲ್ಲಿ ಒಕ್ಕೂಟ ರಚನೆಯಾದ ಮರುವರ್ಷ ಬಂದ ಮತಾಧಿಕಾರ ಕಾಯಿದೆ ಮಹಿಳೆಯರಿಗೆ ಮತದಾನದ ಹಕ್ಕನ್ನು ನೀಡಿ ಜಗತ್ತಿನ ಗಮನ ಸೆಳೆಯಿತು. ಅದೇ ಕಾಯಿದೆಯ 4ನೆಯ ಪ್ರಕರಣ ಆಸ್ಟ್ರೇಲಿಯಾ, ಏಷ್ಯಾ, ಆಫ್ರಿಕಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲನಿವಾಸಿಗಳನ್ನು ಮತದಾರರ ಪಟ್ಟಿಯಿಂದ ಹೊರಗಿಟ್ಟಿತು. ನ್ಯೂಜಿಲೆಂಡಿನ ಮಾವೋರಿಗಳಿಗೆ ಮತ್ತು ಅದಾಗಲೇ ರಾಜ್ಯಗಳಲ್ಲಿ ಹಕ್ಕು ಪಡೆದಿದ್ದ ಕೆಲವರಿಗೆ ಮಾತ್ರ ವಿನಾಯಿತಿ ಸಾಧ್ಯವಿತ್ತು. ನೆಲದ ಮೂಲ ಒಡೆಯನನ್ನೂ ಏಷ್ಯಾದಿಂದ ಬಂದವನನ್ನೂ ಒಂದೇ ವಾಕ್ಯ ಹೊರದೂಡಿತ್ತು. ಬೆನೆಲಾಂಗ್ ಕ್ಷೇತ್ರದ ಕಥೆಯನ್ನು ಈ ವಾಕ್ಯದ ಎದುರಿಗಿಟ್ಟು ಓದಬೇಕು. ಮೊದಲನೆಯವನಿಂದ ಕ್ಷೇತ್ರಕ್ಕೆ ಹೆಸರು ಬಂದಿತು. ಎರಡನೆಯವನ ಸಂತತಿಯಿಂದ ಮುಂದೆ ಅದರ ಫಲಿತಾಂಶವೇ ಬದಲಾಯಿತು.

ಈ ನಿಷೇಧ ಒಂದೇ ಏಟಿಗೆ ಬೀಳಲಿಲ್ಲ. ಒಂದೊಂದೇ ಇಟ್ಟಿಗೆಯಾಗಿ ಕಳಚಿತು. ಮೊದಲು ಕಳಚಿದ ಇಟ್ಟಿಗೆಗೆ ಭಾರತದ ನಂಟಿದೆ. 1922ರಲ್ಲಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಆಸ್ಟ್ರೇಲಿಯಾ ಪ್ರವಾಸ ಮಾಡಿ ಅಲ್ಲಿ ನೆಲೆಸಿದ್ದ ಭಾರತೀಯರಿಗೆ ಸಮಾನ ಹಕ್ಕು ದೊರೆಯಬೇಕೆಂದು ವಾದಿಸಿದರು. 1925ರ ತಿದ್ದುಪಡಿಯಿಂದ ಬ್ರಿಟಿಷ್ ಇಂಡಿಯಾದ ಮೂಲದವರಿಗೆ ಒಕ್ಕೂಟದ ಮತಾಧಿಕಾರ ಸಿಕ್ಕಿತು. ಬೆನೆಲಾಂಗ್ ಕ್ಷೇತ್ರ ಮೊದಲ ಚುನಾವಣೆಯನ್ನು ಕಂಡ 1949ರಲ್ಲಿಯೇ ಇನ್ನೊಂದು ತಿದ್ದುಪಡಿ ಬಂದಿತು. ರಾಜ್ಯದಲ್ಲಿ ಮತದ ಹಕ್ಕುಳ್ಳ ಮತ್ತು ಸೈನ್ಯದಲ್ಲಿ ಸೇವೆ ಸಲ್ಲಿಸಿದ ಮೂಲನಿವಾಸಿಗಳು ಸಂಸತ್ತಿನ ಚುನಾವಣೆಯಲ್ಲಿಯೂ ಮತ ಹಾಕಬಹುದೆಂದು ಅದು ಸಾರಿತು. ಎಲ್ಲ ಮೂಲನಿವಾಸಿಗಳಿಗೂ ಆ ಹಕ್ಕು ಬಂದದ್ದು 1962ರಲ್ಲಿ. ಆಗಲೂ ಪಟ್ಟಿಯಲ್ಲಿ ಹೆಸರು ಸೇರಿಸುವುದು ಅವರಿಗೆ ಐಚ್ಛಿಕವಾಗಿತ್ತು; ಉಳಿದವರಂತೆ ಕಡ್ಡಾಯವಾದದ್ದು 1984ರಲ್ಲಿ.

ಮತಾಧಿಕಾರಕ್ಕಿಂತಲೂ ಮೂಲಭೂತವಾದುದು ತಲೆಲೆಕ್ಕ. ಜನಸಂಖ್ಯೆಯನ್ನು ಗಣಿಸುವಾಗ ಮೂಲನಿವಾಸಿಗಳನ್ನು ಎಣಿಸತಕ್ಕದ್ದಲ್ಲವೆಂದು ಆಸ್ಟ್ರೇಲಿಯಾ ಸಂವಿಧಾನದ 127ನೆಯ ಪ್ರಕರಣ ವಿಧಿಸಿತ್ತು. ಯಾವ ರಾಜ್ಯಕ್ಕೆ ಎಷ್ಟು ಸಂಸತ್ ಸ್ಥಾನಗಳೆಂಬುದು ನಿರ್ಧಾರವಾಗುತ್ತಿದ್ದುದು ಆ ಗಣನೆಯ ಮೇಲೆಯೇ. ಎಂದರೆ 1949ರಲ್ಲಿ ನಕ್ಷೆಯ ಮೇಲೆ ಬೆನೆಲಾಂಗ್ ಎಂದು ಬರೆದಾಗ, ಆ ನಕ್ಷೆಗೆ ಆಧಾರವಾದ ಸಂಖ್ಯೆಯೊಳಗೆ ಬೆನೆಲಾಂಗನ ಜನ ಇರಲಿಲ್ಲ. ಹೆಸರಿಗೆ ಸಂದ ಗೌರವ ಜನರಿಗೆ ಸಲ್ಲಲಿಲ್ಲ. 1967ರ ಮೇ 27ರ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿಗೆ ಸೂಚಿಸಿದ ಮೇಲೆ ಈ ಪ್ರಕರಣ ಸಂವಿಧಾನದಿಂದ ತೊಲಗಿತು.

ಅದೇ ಕಾಲದಲ್ಲಿ ವಲಸೆಯ ಬಾಗಿಲೂ ತೆರೆಯುತ್ತಿತ್ತು. ಬಿಳಿಯರಿಗೆ ಮಾತ್ರ ಪ್ರವೇಶವೆಂಬ 1901ರ ನೀತಿಯನ್ನು 1966ರಲ್ಲಿ ಸಡಿಲಿಸಲಾಯಿತು. 1973ರಲ್ಲಿ ಗಾಫ್ ವಿಟ್ಲಂ ಸರ್ಕಾರ ಅದನ್ನು ಸಂಪೂರ್ಣವಾಗಿ ಕೈಬಿಟ್ಟಿತು. ಮುಂದಿನ ದಶಕಗಳಲ್ಲಿ ಈಸ್ಟ್‌ವುಡ್, ಎಪ್ಪಿಂಗ್, ರೈಡ್ ಬಡಾವಣೆಗಳಲ್ಲಿ ಚೀನೀ ಮತ್ತು ಕೊರಿಯನ್ ಮೂಲದ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದವು, ಭಾರತೀಯರೂ ಬಂದರು. ಈಸ್ಟ್‌ವುಡ್‌ನ ಅಂಗಡಿಬೀದಿಯ ಫಲಕಗಳಲ್ಲಿ ಚೀನೀ, ಕೊರಿಯನ್ ಲಿಪಿಗಳು ಕಾಣಿಸಿಕೊಂಡವು. ಇತ್ತ ಕ್ಷೇತ್ರದ ಗಡಿಯೂ ನಿಂತಲ್ಲಿ ನಿಲ್ಲಲಿಲ್ಲ. ಕ್ಷೇತ್ರಗಳ ಮತದಾರರ ಸಂಖ್ಯೆ ಹೆಚ್ಚುಕಡಿಮೆ ಸಮನಾಗಿರಬೇಕೆಂಬ ನಿಯಮದಂತೆ ಆಸ್ಟ್ರೇಲಿಯಾದಲ್ಲಿ ನಿಯತವಾಗಿ ಮರುವಿಂಗಡಣೆ ನಡೆಯುತ್ತದೆ. ಆರಂಭದಲ್ಲಿ ಲೇನ್ ಕೋವ್, ಹಂಟರ್ಸ್ ಹಿಲ್‌ಗಳಂತಹ ನದೀಮುಖದ ಸಿರಿವಂತ ಬಡಾವಣೆಗಳನ್ನು ಒಳಗೊಂಡಿದ್ದ ಬೆನೆಲಾಂಗ್ ಒಂದೊಂದು ಮರುವಿಂಗಡಣೆಯಲ್ಲಿ ಪಶ್ಚಿಮಕ್ಕೆ ಸರಿಯುತ್ತ ಹೋಯಿತು. ಪ್ರತಿನಿಧಿ ಅವರೇ ಆಗಿದ್ದರೂ ಪ್ರತಿನಿಧಿತ್ವ ಪಡೆಯುತ್ತಿದ್ದ ಜನ ಬದಲಾಗುತ್ತಿದ್ದರು.

ಈ ಬದಲಾವಣೆಗೂ ಹೋವರ್ಡ್ ಅವರ ರಾಜಕೀಯಕ್ಕೂ ಇದ್ದ ಸಂಬಂಧ ಸರಳವಾದುದಲ್ಲ. ವಿರೋಧಪಕ್ಷದ ನಾಯಕರಾಗಿದ್ದ ಅವರು 1988ರಲ್ಲಿ, ಏಷ್ಯಾದಿಂದ ಬರುವ ವಲಸೆಯ ವೇಗ ತಗ್ಗಿದರೆ ಸಾಮಾಜಿಕ ಒಗ್ಗಟ್ಟಿಗೆ ಒಳಿತೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಮರುವರ್ಷ ನಾಯಕತ್ವ ಕಳೆದುಕೊಂಡ ಅವರು 1995ರಲ್ಲಿ ಅದನ್ನು ಮರಳಿ ಪಡೆಯುವ ಹೊತ್ತಿಗೆ ಆ ಮಾತಿನಿಂದ ಹಿಂದೆ ಸರಿದಿದ್ದರು. 1996ರಿಂದ ಅವರು ಪ್ರಧಾನಿಯಾಗಿದ್ದ ಅವಧಿಯಲ್ಲಿ ಏಷ್ಯಾದ ವಲಸೆ ನಿಲ್ಲಲಿಲ್ಲ. ಮೂಲನಿವಾಸಿಗಳ ವಿಷಯದಲ್ಲಿ ಅವರ ನಿಲುವು ಇನ್ನೂ ದೃಢವಾಗಿತ್ತು. ಸರ್ಕಾರಿ ನೀತಿಯ ಫಲವಾಗಿ ತಾಯ್ತಂದೆಯರಿಂದ ಬೇರ್ಪಟ್ಟ ಮಕ್ಕಳ ಕುರಿತ ತನಿಖಾ ವರದಿ 1997ರಲ್ಲಿ ಸಂಸತ್ತಿನ ಮುಂದೆ ಬಂದಾಗ, ಹಿಂದಿನ ತಲೆಮಾರಿನ ಕೃತ್ಯಕ್ಕೆ ಇಂದಿನ ತಲೆಮಾರು ಹೊಣೆಯಾಗಲಾರದೆಂದು ಅವರು ವಾದಿಸಿದರು. 1999ರಲ್ಲಿ ಸಂಸತ್ತಿನಲ್ಲಿ ವಿಷಾದ ಸೂಚಕ ನಿರ್ಣಯವನ್ನು ಮಂಡಿಸಿದರೂ ಕ್ಷಮಾಯಾಚನೆಗೆ ಒಪ್ಪಲಿಲ್ಲ. ಹೀಗೆ ಕ್ಷಮೆ ಕೇಳಲು ನಿರಾಕರಿಸಿದವರು ಬೆನೆಲಾಂಗ್ ಕ್ಷೇತ್ರದ ಸದಸ್ಯರೇ ಆಗಿದ್ದರು.

2004ರ ಚುನಾವಣೆಯಲ್ಲಿ ಇರಾಕ್ ಯುದ್ಧವನ್ನು ವಿರೋಧಿಸಿ ಗುಪ್ತಚರ ವಿಶ್ಲೇಷಕ ಹುದ್ದೆಯನ್ನು ತೊರೆದಿದ್ದ ಆಂಡ್ರ್ಯೂ ವಿಲ್ಕಿ ಗ್ರೀನ್ಸ್ ಪಕ್ಷದಿಂದ ಇಲ್ಲಿ ಸ್ಪರ್ಧಿಸಿದರು; ಹೋವರ್ಡ್ ಗೆದ್ದರು, ಆದರೆ ಕ್ಷೇತ್ರ ಮೊದಲಿನಂತೆ ಭದ್ರವಲ್ಲವೆಂಬುದು ತೋರಿಬಂದಿತು. 2007ರಲ್ಲಿ ಲೇಬರ್ ಪಕ್ಷ ದೂರದರ್ಶನದ ಖ್ಯಾತ ಪತ್ರಕರ್ತೆ ಮ್ಯಾಕ್ಸಿನ್ ಮೆಕ್ಯೂ ಅವರನ್ನು ಕಣಕ್ಕಿಳಿಸಿತು. ಆಸ್ಟ್ರೇಲಿಯಾದಲ್ಲಿ ಮತದಾರನು ಎಲ್ಲ ಅಭ್ಯರ್ಥಿಗಳಿಗೂ ಆದ್ಯತೆಯ ಸಂಖ್ಯೆ ಕೊಡಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಪ್ರಥಮ ಆದ್ಯತೆಯ ಮತಗಳು ಬಾರದಿದ್ದರೆ ಕೊನೆಯವರಿಂದ ತೊಡಗಿ ಒಬ್ಬೊಬ್ಬರನ್ನೇ ಕೈಬಿಟ್ಟು ಅವರ ಮತಗಳನ್ನು ಮುಂದಿನ ಆದ್ಯತೆಯಂತೆ ಹಂಚಲಾಗುತ್ತದೆ. ನವೆಂಬರ್ 24ರ ಮತದಾನದಲ್ಲಿ ಪ್ರಥಮ ಆದ್ಯತೆಯ ಲೆಕ್ಕದಲ್ಲಿ ಹೋವರ್ಡ್ ಅವರೇ ಕೂದಲೆಳೆಯಷ್ಟು ಮುಂದಿದ್ದರು. ಹಂಚಿಕೆ ಮುಗಿದಾಗ ಮೆಕ್ಯೂ ಶೇಕಡಾ 51.4ರಷ್ಟು ಮತ ಪಡೆದು ಗೆದ್ದಿದ್ದರು. ಪ್ರಧಾನಿಯಾಗಿರುವಾಗಲೇ ಸ್ವಕ್ಷೇತ್ರದಲ್ಲಿ ಸೋತವರು ಅದಕ್ಕೆ ಮೊದಲು ಒಬ್ಬರೇ: 1929ರಲ್ಲಿ ಫ್ಲಿಂಡರ್ಸ್ ಕ್ಷೇತ್ರದ ಸ್ಟ್ಯಾನ್ಲಿ ಬ್ರೂಸ್. ಇಬ್ಬರ ಸೋಲಿಗೂ ಕಾರ್ಮಿಕ ಕಾನೂನಿನ ವಿವಾದ ಹಿನ್ನೆಲೆಯಾಗಿದ್ದುದು ಗಮನಾರ್ಹ.

ಈ ಸೋಲಿಗೆ ಚೀನೀ, ಕೊರಿಯನ್ ಮತದಾರರೇ ಕಾರಣವೆಂದು ಅಂದು ಅನೇಕರು ಬರೆದರು. ಲೇಬರ್ ನಾಯಕ ಕೆವಿನ್ ರಡ್ ಚೀನೀ ಭಾಷೆಯನ್ನು ನಿರರ್ಗಳವಾಗಿ ಬಲ್ಲವರಾಗಿದ್ದುದು ಈ ವಾದಕ್ಕೆ ಪುಷ್ಟಿ ನೀಡಿತು. ಇಡೀ ದೇಶದಲ್ಲಿ ಸರ್ಕಾರದ ವಿರುದ್ಧ ಗಾಳಿ ಬೀಸುತ್ತಿದ್ದಾಗ ಒಂದು ಸಮುದಾಯದ ಮೇಲೆ ಮಾತ್ರ ಹೊಣೆ ಹೊರಿಸುವುದು ಸರಿಯಾಗದು. ಆದರೂ ನಿರಾಕರಿಸಲಾಗದ ಸತ್ಯವೊಂದಿದೆ. 1902ರ ಕಾಯಿದೆ ಪಟ್ಟಿಯಿಂದ ಹೊರಗಿಟ್ಟಿದ್ದ ಜನರ ಒಲವನ್ನು ಲೆಕ್ಕಿಸದೆ ಈಗ ಬೆನೆಲಾಂಗಿನಲ್ಲಿ ಯಾರೂ ಗೆಲ್ಲುವಂತಿರಲಿಲ್ಲ.

2008ರ ಫೆಬ್ರವರಿ 13ರಂದು ಪ್ರಧಾನಿ ರಡ್ ಸಂಸತ್ತಿನಲ್ಲಿ ಮೂಲನಿವಾಸಿಗಳ ಕ್ಷಮೆ ಕೇಳಿದರು. ವಿಟ್ಲಂ, ಫ್ರೇಸರ್, ಹಾಕ್, ಕೀಟಿಂಗ್ ಈ ನಾಲ್ವರು ಮಾಜಿ ಪ್ರಧಾನಿಗಳು ಅಲ್ಲಿದ್ದರು, ಹೋವರ್ಡ್ ಇರಲಿಲ್ಲ. ಬೆನೆಲಾಂಗ್ ಹೆಸರಿನ ಸ್ಥಾನದಲ್ಲಿ ಅಂದು ಬೇರೊಬ್ಬರು ಕುಳಿತಿದ್ದರು.

ಕ್ಷೇತ್ರ ಬದಲಾಯಿತೆಂದು ಅದು ಒಂದೇ ದಿಕ್ಕಿಗೆ ವಾಲಲಿಲ್ಲ. 2010ರಲ್ಲಿ ಟೆನಿಸ್ ಆಟಗಾರ ಜಾನ್ ಅಲೆಕ್ಸಾಂಡರ್ ಅದನ್ನು ಲಿಬರಲ್ ಪಕ್ಷಕ್ಕೆ ಮರಳಿ ಗೆದ್ದುಕೊಟ್ಟರು. ಅನ್ಯ ದೇಶದ ಪೌರತ್ವವುಳ್ಳವರು ಸಂಸತ್ ಸದಸ್ಯರಾಗಕೂಡದೆಂಬ ಸಂವಿಧಾನದ 44ನೆಯ ಪ್ರಕರಣದಿಂದಾಗಿ 2017ರಲ್ಲಿ ಹಲವರು ಸ್ಥಾನ ತೊರೆದಾಗ, ತಂದೆಯ ಮೂಲಕ ಬ್ರಿಟಿಷ್ ಪೌರತ್ವ ಬಂದಿರಬಹುದೆಂದು ಅಲೆಕ್ಸಾಂಡರ್ ಕೂಡ ರಾಜೀನಾಮೆ ನೀಡಿದರು. ಡಿಸೆಂಬರ್ 16ರ ಉಪಚುನಾವಣೆಯಲ್ಲಿ ನ್ಯೂ ಸೌತ್ ವೇಲ್ಸಿನ ಮಾಜಿ ಮುಖ್ಯಮಂತ್ರಿ ಕ್ರಿಸ್ಟಿನಾ ಕೆನೀಲಿ ಅವರನ್ನು ಸೋಲಿಸಿ ಅವರು ಮರುಆಯ್ಕೆಯಾದರು. ಹೊರಗಿನವರು ಯಾರು ಎಂಬ ಹಳೆಯ ಪ್ರಶ್ನೆ ಈ ಬಾರಿ ಬ್ರಿಟಿಷ್ ಮೂಲದವರ ಕಡೆಗೇ ತಿರುಗಿದ್ದು ಚರಿತ್ರೆಯ ವ್ಯಂಗ್ಯ. 2022ರಲ್ಲಿ ಅಲೆಕ್ಸಾಂಡರ್ ನಿವೃತ್ತರಾದಾಗ ರೈಡ್‌ನ ಮಾಜಿ ಮೇಯರ್, ಲೇಬರ್ ಪಕ್ಷದ ಜೆರೋಮ್ ಲಕ್ಸಾಲ್ ಅಲ್ಪ ಅಂತರದಿಂದ ಗೆದ್ದರು. 2024ರ ಮರುವಿಂಗಡಣೆ ಒಕ್ಕೂಟದ ಆರಂಭದಿಂದಲೂ ಇದ್ದ ನಾರ್ತ್ ಸಿಡ್ನಿ ಕ್ಷೇತ್ರವನ್ನು ರದ್ದುಪಡಿಸಿತು. ಹಂಟರ್ಸ್ ಹಿಲ್ ಮತ್ತು ಲೇನ್ ಕೋವ್ ಹಳೆಯ ಮನೆಗೆ ಬಂದಂತೆ ಬೆನೆಲಾಂಗಿಗೆ ಮರಳಿದವು. ಕಾಗದದ ಲೆಕ್ಕದಲ್ಲಿ ಕ್ಷೇತ್ರ ಲಿಬರಲ್ ಕಡೆಗೆ ಜಾರಿತ್ತು. 2025ರಲ್ಲಿ ಲಕ್ಸಾಲ್ ಸ್ಪಷ್ಟ ಬಹುಮತದಿಂದ ಮರಳಿ ಗೆದ್ದರು. 1949ರಲ್ಲಿ ಲಿಬರಲ್ ಕೋಟೆಯಾಗಿದ್ದ ಬಡಾವಣೆಗಳು ಹಿಂದಿರುಗಿದರೂ ಆ ಕೋಟೆ ಹಿಂದಿರುಗಲಿಲ್ಲ.

ಪಟ್ನಿಯ ಮನೆಗಳ ನಡುವೆ ಕಳೆದುಹೋಗಿದ್ದ ಬೆನೆಲಾಂಗನ ಸಮಾಧಿಯ ಜಾಗವನ್ನು ಸಂಶೋಧಕರು ಈ ಶತಮಾನದ ಎರಡನೆಯ ದಶಕದಲ್ಲಿ ಗುರುತಿಸಿದರು. ಅಲ್ಲಿ ಸ್ಮಾರಕವೊಂದನ್ನು ನಿರ್ಮಿಸುವ ಉದ್ದೇಶದಿಂದ ಆ ನೆಲದ ಮೇಲಿನ ಮನೆಯನ್ನು ನ್ಯೂ ಸೌತ್ ವೇಲ್ಸ್ ಸರ್ಕಾರ ಕೊಂಡುಕೊಳ್ಳುವುದಾಗಿ 2018ರಲ್ಲಿ ಘೋಷಿಸಿತು. ಮೂಲನಿವಾಸಿಗಳ ಅಭಿಪ್ರಾಯವನ್ನು ಸಂಸತ್ತಿಗೆ ತಿಳಿಸುವ ಮಂಡಳಿಯೊಂದಕ್ಕೆ ಸಂವಿಧಾನದಲ್ಲಿ ಸ್ಥಾನ ಕೊಡುವ ಪ್ರಸ್ತಾಪವನ್ನು 2023ರ ಅಕ್ಟೋಬರ್ 14ರಂದು ದೇಶದ ಮತದಾರರು ತಿರಸ್ಕರಿಸಿದರು. ಆರು ರಾಜ್ಯಗಳಲ್ಲಿ ಒಂದೂ ಅದನ್ನು ಒಪ್ಪಲಿಲ್ಲ. ಸತ್ತವನ ಸ್ಮಾರಕಕ್ಕೆ ಒಪ್ಪಿಗೆ ದೊರೆಯುವಷ್ಟು ಸುಲಭವಾಗಿ ಬದುಕಿರುವವರ ದನಿಗೆ ಒಪ್ಪಿಗೆ ದೊರೆಯುವುದಿಲ್ಲವೆಂಬುದಕ್ಕೆ ಈ ಎರಡು ಘಟನೆಗಳು ಸಾಕ್ಷಿ. ಬೆನೆಲಾಂಗ್ ಕ್ಷೇತ್ರದ ಏಳೂವರೆ ದಶಕಗಳಲ್ಲಿ ಗಡಿ, ಜನ, ಪಕ್ಷ ಎಲ್ಲವೂ ಬದಲಾದವು. ಬದಲಾಗದೆ ಉಳಿದದ್ದು ಹೆಸರೊಂದೇ. ಎಣಿಕೆಯಿಂದ ಹೊರಗಿದ್ದವರ ಆ ಹೆಸರನ್ನು ಪ್ರತಿ ಚುನಾವಣೆಯಲ್ಲಿಯೂ ಒಂದು ಲಕ್ಷಕ್ಕೂ ಮಿಕ್ಕಿದ ಮತದಾರರು ತಮ್ಮ ಮತಪತ್ರದ ನೆತ್ತಿಯ ಮೇಲೆ ಓದುತ್ತಾರೆ.